ಮಣಿಕಟ್ಟಿನ ಮೇಲೆ ಸೊನ್ನೆ

ಪರದೆಯ ಮೇಲೆ ಎಂಟು ಎಂಬ ಅಂಕಿ ಮೂಡಿದಾಗ ಇಂದುಮತಿ ಕಲಕೇರಿ ಅತ್ತುಬಿಟ್ಟಳು. ನೋವಿಗಾಗಿ ಅಲ್ಲ; ನೋವು ಆರು ವರ್ಷಗಳಿಂದ ಇದ್ದದ್ದೇ. ಅದು ತನ್ನ ಮೈಯ ಹೊರಗೆ, ಬೇರೆಯವರ ಕಣ್ಣಿಗೆ ಬೀಳುವ ಹಾಗೆ ಬಂದು ನಿಂತದ್ದು ಅಂದೇ ಮೊದಲು.

ಧಾರವಾಡದ ಹೊರಗೆ, ಬೆಳಗಾವಿ ರಸ್ತೆಯ ನರ ಸಂಶೋಧನಾ ಕೇಂದ್ರದ ಆ ಕೋಣೆಯಲ್ಲಿ ಅವಳ ಗಂಡ ಚನ್ನಬಸು, ಅತ್ತೆ ನೀಲಗಂಗವ್ವ ಇಬ್ಬರೂ ಇದ್ದರು. ಡಾ. ಶಾಹೀನ್ ನದಾಫ್ ಪರದೆಯನ್ನು ಅವರ ಕಡೆ ತಿರುಗಿಸಿದರು.

“ಇದು ನಿಮ್ಮ ಸೊಸಿ ಸುಮ್ನ ನಿಂತಾಗ ಬರೂ ಅಂಕಿ. ಬಿಸಿ ಎಣ್ಣಿ ಕೈಮ್ಯಾಲ ಸಿಡಿದ್ರ ನಿಮಗ ಆರು ಬರಬಹುದು. ಇವರು ದಿನಾ ಎಂಟು ಹೊತ್ಕೊಂಡ ಅಡಿಗಿ ಮಾಡ್ಯಾರ, ಕೋರ್ಟಿಗೆ ಹೋಗ್ಯಾರ.”

ನೀಲಗಂಗವ್ವ ಬಹಳ ಹೊತ್ತು ಆ ಅಂಕಿಯನ್ನೇ ನೋಡಿದಳು. ಆಮೇಲೆ ಮಗನ ಕಡೆ ತಿರುಗಿ, “ಇಕಿಗೆ ಮೈಗಳ್ಳಿ ಅಂದಿದ್ನೆಲ್ಲೋ ತಮ್ಮಾ ನಾನು,” ಎಂದಳು. ಸೊಸೆಯ ಕೈ ಹಿಡಿಯಲು ಅವಳಿಗೆ ಧೈರ್ಯ ಬರಲಿಲ್ಲ. ಸೆರಗಿನ ಅಂಚು ಹಿಡಿದು ನಿಂತಳು.

ಇಂದುಮತಿ ಜಿಲ್ಲಾ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ಸಾಕ್ಷಿಗಳು ಹೇಳಿದ್ದನ್ನು ನ್ಯಾಯಾಧೀಶರು ಹೇಳಿ ಬರೆಸುವಾಗ ತಪ್ಪಿಲ್ಲದೆ ಟೈಪು ಮಾಡುವುದು ಅವಳ ಕೆಲಸ. ಮದುವೆಯಾದ ಮೊದಲ ವರ್ಷವೇ ಯೋನಿಯ ಬಾಯಿಯ ಸುತ್ತ ಉರಿ ಶುರುವಾಗಿತ್ತು. ಹಸಿಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ. ಕೂತರೆ ಹೆಚ್ಚು, ಬಿಗಿ ಬಟ್ಟೆ ತಾಗಿದರೆ ಹೆಚ್ಚು, ಗಂಡ ಹತ್ತಿರ ಬಂದರೆ ಸಹಿಸಲಾಗದಷ್ಟು. ನೋಡಿದವರಿಗೆ ಅಲ್ಲಿ ಗಾಯವಿರಲಿಲ್ಲ, ಬಾವು ಇರಲಿಲ್ಲ, ಚರ್ಮದ ಬಣ್ಣ ಕೂಡ ಬದಲಾಗಿರಲಿಲ್ಲ. ಒಬ್ಬ ಡಾಕ್ಟರು ಸೋಂಕಿನ ಮಾತ್ರೆ ಕೊಟ್ಟರು. ಇನ್ನೊಬ್ಬರು ಒಂದು ಮಗು ಆದರೆ ಎಲ್ಲ ಸರಿಹೋಗುತ್ತದೆ ಎಂದರು. ಮತ್ತೊಬ್ಬರು ಚನ್ನಬಸುವನ್ನು ಹೊರಗೆ ಕರೆದು, ನಿಮ್ಮ ಹೆಂಡತಿಗೆ ನಿಮ್ಮ ಮೇಲೆ ಮನಸ್ಸಿದೆಯೇ ಎಂದು ಕೇಳಿದರು. ಕೋರ್ಟಿನಲ್ಲಿ ಅವಳು ಎತ್ತರದ ಮೇಜು ಕೇಳಿ ಪಡೆದು ನಿಂತೇ ಟೈಪು ಮಾಡುತ್ತಿದ್ದಳು. ಕಾರಣ ಕೇಳಿದವರಿಗೆ ಬೆನ್ನುನೋವು ಎನ್ನುತ್ತಿದ್ದಳು.

ಶಾಹೀನ್ ಮೇಡಂ ಮಾತ್ರ ಹತ್ತಿಯ ಕಡ್ಡಿಯಿಂದ ಒಂದೊಂದೇ ಜಾಗ ಮೆಲ್ಲಗೆ ಮುಟ್ಟಿ, “ಇಲ್ಲೆ? ಇಲ್ಲೆ?” ಎಂದು ಕೇಳಿದ್ದರು. ಆ ಕಡ್ಡಿ ಚೂರಿಯ ಹಾಗೆ ಇರಿದ ಜಾಗ ಸಿಕ್ಕಾಗ, “ಇದು ಖರೇನ ರೋಗ. ಇದಕ್ಕ ಹೆಸರೈತಿ,” ಎಂದಿದ್ದರು.

ಅವರು ಮಾಡಿದ್ದ ಉಪಕರಣ ಒಂದು ಅಕ್ಕಿಕಾಳಿನಷ್ಟಿತ್ತು. ಕಾಗದಪತ್ರದಲ್ಲಿ ಅದರ ಹೆಸರು ‘ಉಪಶಮ’. ನಾವು ಕೂರುವ ಎಲುಬಿನ ಬದಿಯಲ್ಲಿ ಒಂದು ನರ ಹಾದುಹೋಗುತ್ತದೆ. ಜನನಾಂಗದ ಹೆಚ್ಚಿನ ಸಂವೇದನೆ ಅದರ ಮೂಲಕವೇ ಬೆನ್ನುಹುರಿಗೆ ಸಾಗುತ್ತದೆ. ಕಾಳನ್ನು ಆ ನರದ ಪಕ್ಕ ಇಡುತ್ತಿದ್ದರು. ಮೊದಲ ಕೆಲವು ವಾರ ಅದು ಬರೀ ಆಲಿಸುತ್ತಿತ್ತು. ನೋವಿನ ಮಿಡಿತ ಯಾವುದು, ಬರೀ ಸ್ಪರ್ಶದ್ದು ಯಾವುದು ಎಂದು ಕಲಿಯುತ್ತಿತ್ತು. ಕಲಿತ ಮೇಲೆ ನೋವಿನ ಪ್ರತಿ ಮಿಡಿತಕ್ಕೂ ಎದುರು ಮಿಡಿತ ಕಳಿಸಿ ಅದನ್ನು ದಾರಿಯಲ್ಲೇ ಅಡಗಿಸುತ್ತಿತ್ತು. ಎಷ್ಟು ನೋವು ದಾಟಿ ಹೋಯಿತು ಎಂಬ ಅಂಕಿ ಮಣಿಕಟ್ಟಿನ ಪಟ್ಟಿಯ ಮೇಲೆ ಸೊನ್ನೆಯಿಂದ ಹತ್ತರವರೆಗೆ ಕಾಣುತ್ತಿತ್ತು. ಜನ ಅದನ್ನು ಮೀಟರ್ ಎಂದರು.

ಕಾಳು ಎದುರು ಮಿಡಿತ ಕಳಿಸಲು ಶುರುಮಾಡಿದ ದಿನ ಅಂಕಿ ಎಂಟರಿಂದ ಮೂರಕ್ಕೆ ಬಂತು. ಆ ವಾರ ಮುಗಿಯುವುದರೊಳಗೆ ಸೊನ್ನೆಯಾಯಿತು. ಇಂದುಮತಿ ಹುಬ್ಬಳ್ಳಿಯ ಬಸ್ಸು ಹತ್ತಿ, ಸೀಟು ಹಿಡಿದು, ಕೊನೆಯ ನಿಲ್ದಾಣದವರೆಗೆ ಕೂತೇ ಹೋದಳು. ಅಲ್ಲಿ ಕೆಲಸವೇನೂ ಇರಲಿಲ್ಲ. ಇಳಿದು ಒಂದು ಗಿರ್ಮಿಟ್ ತಿಂದು, ಅದೇ ಬಸ್ಸಿನಲ್ಲಿ ಕೂತು ತಿರುಗಿ ಬಂದಳು. ಮನೆಯಲ್ಲಿ ಗಂಡ ಹೆಂಡತಿ ಹೊಸದಾಗಿ ಮದುವೆಯಾದವರ ಹಾಗೆ ಮಾತಿಗೊಮ್ಮೆ ನಗತೊಡಗಿದರು. ನೀಲಗಂಗವ್ವ ಕೇರಿಯ ಹೆಂಗಸರನ್ನು ಕರೆದು ಸೊಸೆಯ ಮಣಿಕಟ್ಟು ತೋರಿಸಿದಳು.

ಉಪಶಮ ಬಹಳ ಬೇಗ ಹರಡಿತು. ಸರಕಾರ ಅದನ್ನು ತನ್ನ ಆರೋಗ್ಯ ಯೋಜನೆಗೆ ಸೇರಿಸಿತು. ಬಾಯಿಬಿಟ್ಟು ಹೇಳಲಾಗದೆ ಒಳಗೊಳಗೇ ಬೆಂದ ಹೆಂಗಸರು ಇಷ್ಟೊಂದು ಮಂದಿ ಇದ್ದಾರೆಂದು ಯಾರಿಗೂ ಅಂದಾಜಿರಲಿಲ್ಲ. ಕೇಂದ್ರದ ನಿರ್ದೇಶಕ ಡಾ. ವಿನಾಯಕ ಕೆರೂರ ಊರೂರು ತಿರುಗಿ ಭಾಷಣ ಮಾಡಿದರು. ಇನ್ನು ಮುಂದೆ ಹೆಣ್ಣು ತನ್ನ ನೋವನ್ನು ಯಾರಿಗೂ ನಂಬಿಸಬೇಕಾಗಿಲ್ಲ, ಅಂಕಿಯೇ ಮಾತಾಡುತ್ತದೆ ಎಂದರು. ಎಲ್ಲ ಕಡೆ ಚಪ್ಪಾಳೆ ಬಿತ್ತು. ಶಾಹೀನ್ ಕೂಡ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಅಂಕಿ ಮಾತಾಡತೊಡಗಿತು. ಹೆರಿಗೆ ವಾರ್ಡುಗಳಿಗೆ ತಾತ್ಕಾಲಿಕ ಮೀಟರು ಬಂದವು. ಎಷ್ಟು ಔಷಧಿ ಕೊಡಬೇಕೆಂಬುದನ್ನು ನರ್ಸುಗಳು ಅದನ್ನು ನೋಡಿಯೇ ತೀರ್ಮಾನಿಸಿದರು. ವೈದ್ಯಕೀಯ ಕಾಲೇಜುಗಳಲ್ಲಿ ಮೀಟರು ನೋಡಿ ನೋವು ಅಳೆಯುವ ಹೊಸ ಪಾಠ ಬಂತು. ರಜೆ ಕೇಳಿದ ಹೆಂಗಸರಿಗೆ ಕಚೇರಿಗಳಲ್ಲಿ ಮಣಿಕಟ್ಟು ತೋರಿಸಲು ಹೇಳಿದರು. ಹೆಣ್ಣು ನೋಡಲು ಬಂದವರು ಬಣ್ಣ, ಓದು ವಿಚಾರಿಸಿದ ಮೇಲೆ ದನಿ ತಗ್ಗಿಸಿ, “ಹುಡುಗಿಗೆ ಮೀಟರ್ ಹಾಕ್ಸೀರೇನು?” ಎಂದು ಕೇಳುವುದೂ ಶುರುವಾಯಿತು.

ಐದನೆಯ ವರ್ಷ, ಒಂದು ಭಾನುವಾರ ಮಧ್ಯಾಹ್ನ ಇಂದುಮತಿ ಜೋಳ ಹಸನು ಮಾಡುತ್ತಾ ಕೂತಿದ್ದಾಗ ಉರಿ ತಿರುಗಿ ಬಂತು. ಈ ಸಲ ತುಸು ಮುಂದೆ, ತೊಡೆಸಂದಿಯ ಕಡೆಯಿಂದ. ಅವಳು ತಟಕ್ಕನೆ ಎದ್ದು ನಿಂತು ಪಟ್ಟಿ ನೋಡಿದಳು. ಸೊನ್ನೆ ಇತ್ತು. ಪಟ್ಟಿ ಕೆಟ್ಟಿರಬೇಕೆಂದು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಆಗಲೂ ಸೊನ್ನೆ.

ಚನ್ನಬಸು ರೈಲ್ವೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ದಿನವಿಡೀ ಮೀಟರು ಹಿಡಿದು ಕೆಲಸ ಮಾಡುವವನು. ಅವನು ಅವಳ ಮಣಿಕಟ್ಟು ಹಿಡಿದು, ಬೆಳಕಿಗೆ ಓರೆ ಮಾಡಿ ನೋಡಿದ.

“ಸರಿ ಐತಲ್ಲ.”

“ಅದು ಸರಿ ಇರಬಹುದು. ನನಗ ಉರೀತೈತಿ.”

“ಹೆಂಗ ಉರೀತೈತಿ ಇಂದು? ಕರೆಂಟ್ ಇಲ್ಲದ ತಂತಿ ಮುಟ್ಟಿದ್ರ ಹೊಡೀತೈತೇನು?”

ಅವನು ಕೆಟ್ಟವನಲ್ಲ. ಮೊದಲು, ಮೀಟರಿನ ಸುದ್ದಿಯೇ ಇಲ್ಲದಿದ್ದ ದಿನಗಳಲ್ಲಿ, ಅವಳ ಮುಖ ಕಿವುಚಿದ್ದು ಕಂಡರೆ ಸಾಕು, ತನ್ನ ದಿಂಬು ಎತ್ತಿಕೊಂಡು ಪಡಸಾಲೆಗೆ ಹೋಗಿ ಮಲಗುತ್ತಿದ್ದ. ಈಗ ಮುಖದ ಬದಲು ಅಂಕಿ ನೋಡುವುದು ರೂಢಿಯಾಗಿತ್ತು. ಅಂಕಿ ಸೊನ್ನೆ ಇದ್ದೂ ಅವಳು ಬೇಡವೆಂದಾಗ ಅವನಿಗೆ ನೋವಾಯಿತು. “ಹಂಗಾದ್ರ ನಿನಗ ಬ್ಯಾಡಾದಾಂವ ನಾನ ಅಂದಂಗಾತು,” ಎಂದ. ಆ ಮಾತಿಗೆ ಎದುರಾಡಲು ಅವಳ ಬಳಿ ಯಾವ ಪುರಾವೆಯೂ ಇರಲಿಲ್ಲ. ಆಮೇಲಿನ ದಿನಗಳಲ್ಲಿ ಅವಳು ಬೇಡವೆನ್ನುವುದನ್ನು ಬಿಟ್ಟಳು. ಹಲ್ಲು ಕಚ್ಚಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಮಣಿಕಟ್ಟಿನ ಮೇಲೆ ಹಸಿರು ಸೊನ್ನೆ ಹಾಗೇ ಬೆಳಗುತ್ತಿತ್ತು.

ಅವಳು ಕೇಂದ್ರಕ್ಕೆ ಹೋದಾಗ ಶಾಹೀನ್ ಎದ್ದು ಬಂದು ಮಾತಾಡಿಸಿದರು. ಆದರೆ ಕುಶಲ ಕೇಳುವ ಮೊದಲು ಅವರ ಕಣ್ಣು ಪಟ್ಟಿಯ ಮೇಲೆ ಹೋಗಿ ಬಂತು.

“ಇದನ್ನ ನೆನಪಿನ ಬ್ಯಾನಿ ಅಂತಾರ ಇಂದುಮತಿ ಅವರ. ಭಾಳ ವರ್ಷ ಅನುಭವಿಸಿದ ಮನಸ್ಸು ಲಗೂನ ಮರಿಯೂದಿಲ್ಲ. ನಿಮ್ಮಂಗ ಹೇಳೂ ಮಂದಿ ಬರ್ತಿರ್ತಾರ. ನಿಧಾನಕ್ಕ ಹೋಗ್ತೈತಿ.”

“ನೀವೂ ಹಂಗ ಅಂತೀರೇನ್ರಿ ಮೇಡಂ,” ಎಂದಷ್ಟೇ ಹೇಳಿ ಇಂದುಮತಿ ಹೊರಟುಬಿಟ್ಟಳು.

ಅವಳು ಹೋದ ಮೇಲೆ ಶಾಹೀನ್ ಕಂಪ್ಯೂಟರಿನ ಮುಂದೆ ಕೂತರು. ರಾಜ್ಯದ ಎಲ್ಲ ಮೀಟರುಗಳ ಅಂಕಿಗಳೂ ಅಲ್ಲಿಗೆ ಬಂದು ಸೇರುತ್ತಿದ್ದವು. ಎಲ್ಲ ಗೆರೆಗಳೂ ಚಪ್ಪಟೆಯಾಗಿದ್ದವು. ಮುಟ್ಟಾದ ದಿನ, ಹೊಲದಲ್ಲಿ ಕಳೆ ಕಿತ್ತ ದಿನ, ಹೆರಿಗೆಯಾದ ವಾರ, ಯಾವಾಗಲೂ ಚಪ್ಪಟೆ. ಬದುಕಿರುವ ಮೈಯಲ್ಲಿ ಹಾಗೆ ಆಗುವುದಿಲ್ಲ. ಅದನ್ನು ಅವರು ಹಿಂದೆಯೂ ನೋಡಿದ್ದರು, ನೋಡಿ ಹೆಮ್ಮೆಪಟ್ಟಿದ್ದರು.

ಕೆಲವು ವಾರಗಳ ನಂತರ ಕೌಟುಂಬಿಕ ನ್ಯಾಯಾಲಯದ ಶೀಘ್ರಲಿಪಿಗಾರ ರಜೆ ಹಾಕಿದ್ದರಿಂದ ಇಂದುಮತಿಯನ್ನು ಅಲ್ಲಿಗೆ ಕಳಿಸಿದರು. ಹೆಂಡತಿ ತನ್ನೊಡನೆ ಬಂದು ಬಾಳಬೇಕೆಂದು ಒಬ್ಬ ಗಂಡ ಹಾಕಿದ್ದ ಅರ್ಜಿಯ ವಿಚಾರಣೆ ಅಂದು ನಡೆಯಿತು. ಕಟಕಟೆಯಲ್ಲಿ ನಿಂತವಳು ಕಸ್ತೂರಿ ಎಂಬ ನರಗುಂದದ ಹೆಂಗಸು. ಗಂಡನ ವಕೀಲರು ಅವಳ ಕೈ ಎತ್ತಿಸಿದರು.

“ಪಟ್ಟಿ ಮ್ಯಾಲ ಏನೈತಿ, ಓದಿ ಹೇಳ್ರಿ.”

“ಸೊನ್ನಿ ಐತ್ರಿ.”

“ಅಂದ್ರ ಬ್ಯಾನಿ ಇಲ್ಲ.”

“ಬ್ಯಾನಿ ಐತ್ರಿ. ಕುಂದ್ರಾಕ ಆಗೂದಿಲ್ಲ. ಅಂವಾ ಮುಟ್ಟಿದ್ರ ಬೆಂಕಿ ಬಿದ್ದಂಗ ಆಗ್ತೈತಿ. ಅಲ್ಲೆ ಇದ್ರ ನಾ ಸತ್ತ ಹೋಗ್ತೀನ್ರಿ.”

ನ್ಯಾಯಾಧೀಶೆ ಕನ್ನಡಕ ಸರಿಪಡಿಸಿಕೊಂಡು ಹೇಳಿ ಬರೆಸಿದರು: “ಮೀಟರು ಸೊನ್ನೆ ತೋರಿಸುತ್ತಿರುವುದನ್ನು ಸಾಕ್ಷಿದಾರಳು ಒಪ್ಪುತ್ತಾಳೆ. ತನಗೆ ನೋವಿದೆಯೆಂದು ಭಾಸವಾಗುವುದಾಗಿ ಹೇಳುತ್ತಾಳೆ.”

ಇಂದುಮತಿಯ ಬೆರಳು ನಿಂತವು. ಹದಿನೈದು ವರ್ಷದ ನೌಕರಿಯಲ್ಲಿ ನ್ಯಾಯಾಧೀಶರು ಹೇಳಿ ಬರೆಸಿದ್ದನ್ನು ಬಿಟ್ಟು ಅವಳು ಬೇರೆ ಒಂದಕ್ಷರ ಹೊಡೆದವಳಲ್ಲ.

“ಮೇಡಂ, ಆಕಿ ಭಾಸ ಆಗ್ತೈತಿ ಅನ್ಲಿಲ್ಲ,” ಎಂದಳು. “ಬ್ಯಾನಿ ಐತಿ ಅಂದ್ಳು.”

ಕೋರ್ಟಿನಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ವಕೀಲರು ನಕ್ಕರು. ನ್ಯಾಯಾಧೀಶೆ ಸಿಟ್ಟಾಗದೆ, “ಇಂದುಮತಿ, ಹೇಳಿದಷ್ಟು ಟೈಪ್ ಮಾಡಿ,” ಎಂದರು.

“ನನ್ನ ಪಟ್ಟಿನೂ ಸೊನ್ನೀನ ತೋರಸ್ತೈತ್ರಿ,” ಎಂದು ಇಂದುಮತಿ ಕೈ ಎತ್ತಿದಳು. “ಈಗ ನಿಮ್ಮ ಮುಂದ ಕುಂತೀನಿ, ಕೆಳಗ ಕೆಂಡ ಇಟ್ಟಂಗ ಆಗೇತಿ. ನಾನೂ ಸುಳ್ಳ ಹೇಳಾಕ ಹತ್ತೀನೇನ್ರಿ?”

ಅವಳನ್ನು ಹೊರಗೆ ಕಳಿಸಿ ಬೇರೆಯವರನ್ನು ಕರೆಸಿದರು. ಅಂದೇ ಸಂಜೆ ಅವಳನ್ನು ಹಳೆಯ ಕಡತಗಳ ವಿಭಾಗಕ್ಕೆ ಹಾಕಿದ ಆದೇಶ ಬಂತು. ಕಸ್ತೂರಿ ಗಂಡನ ಮನೆಗೆ ಹೋಗಬೇಕೆಂದು ತೀರ್ಪಾಯಿತೆಂದು ಮುಂದೆ ಯಾರೋ ಹೇಳಿದರು. ಆಕೆ ಹೋದಳೋ ಇಲ್ಲವೋ ಇಂದುಮತಿಗೆ ಗೊತ್ತಾಗಲಿಲ್ಲ. ಕೇಳಲು ಅವಳಿಗೆ ಭಯವಾಯಿತು.

ಕೋರ್ಟಿನಲ್ಲಿ ಹಾಗಾದ ಮರುದಿನ ಬೆಳಿಗ್ಗೆ ಅವಳು ಶಾಹೀನ್ ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಪಟ್ಟಿಯ ಮೇಲೆ ಕರವಸ್ತ್ರ ಸುತ್ತಿದ್ದಳು.

“ಇದನ್ನ ನೋಡಬ್ಯಾಡ್ರಿ. ಮೊದಲನೇ ಸಲ ಬಂದಾಗ ಹತ್ತಿ ಕಡ್ಡಿ ತಗೊಂಡು ಕೇಳಿದ್ರೆಲ್ಲ, ಹಂಗ ಕೇಳ್ರಿ.”

ಶಾಹೀನ್ ಕೇಳಿದರು. ತಾವು ಹೀಗೆ ಕೇಳಿ ಎಷ್ಟು ಕಾಲವಾಯಿತೆಂದು ಅವರಿಗೇ ನೆನಪಿರಲಿಲ್ಲ. ಇಂದುಮತಿ ತೊಡೆಸಂದಿಯಿಂದ ಹಿಡಿದು ಒಂದೊಂದೇ ಜಾಗ ತೋರಿಸಿದಳು. ಶಾಹೀನ್ ಕೂದಲೆಳೆಯಂಥ ಸೂಜಿಯೊಂದನ್ನು ತೊಡೆಸಂದಿಯ ನರದೊಳಗೆ ಇಳಿಸಿ, ಅದರ ತಂತಿಯನ್ನು ಹಳೆಯ ಯಂತ್ರಕ್ಕೆ ಜೋಡಿಸಿದರು. ಪರದೆಯ ಮೇಲೆ ಮಿಡಿತಗಳು ಒಂದರ ಮೇಲೊಂದು ಬಿದ್ದು ಬರತೊಡಗಿದವು. ಸ್ಪೀಕರಿನಿಂದ ತಗಡಿನ ಮೇಲೆ ಜಲ್ಲಿ ಸುರಿದಂಥ ಸದ್ದು ಬಂತು. ಕಡ್ಡಿ ಮುಟ್ಟಿದಾಗೆಲ್ಲ ಆ ಸದ್ದು ಭೋರೆಂದಿತು.

ಶಾಹೀನ್ ಸ್ಪೀಕರಿನ ಸದ್ದು ತಗ್ಗಿಸಿ ಅವಳ ಕಡೆ ತಿರುಗಿದರು.

“ಕಾಳಿಗೆ ನಾವು ಹೇಳಿದ್ದು ಒಂದ ಕೆಲಸ, ಅಂಕಿ ಇಳಸು ಅಂತ,” ಎಂದರು. “ಅದು ತನ್ನ ಪಕ್ಕದ ನರ ಅಷ್ಟ ಕೇಳ್ತೈತಿ, ಅದನ್ನಷ್ಟ ಅಡಗಸ್ತೈತಿ. ವರ್ಷಗಟ್ಟಲೆ ಬ್ಯಾನಿ ತಿಂದ ಬೆನ್ನುಹುರಿ ತಾನ ಕೆರಳಿ ಕುಂತಿರ್ತೈತಿ. ಆ ನರ ಬಂದಾದ್ರ ಬಾಜೂ ನರದ ಸಣ್ಣ ಮಿಡಿತಾನೂ ಅದು ಬ್ಯಾನಿ ಅಂತ ಹಿಡಕೊಳ್ತೈತಿ. ನಾವು ಒಂದು ನರದ ಬಾಯಿ ಮುಚ್ಚಿದ್ವಿ. ಆಮ್ಯಾಲ ಬ್ಯಾನಿ ಐತೇನು ಅಂತ ಅದನ್ನ ಕೇಳಕೋತ ಕುಂತ್ವಿ.”

“ನೆನಪಿನ ಬ್ಯಾನಿ ಅಂದಿದ್ರಿ.”

“ತಪ್ಪು ಹೇಳಿದ್ನಿ.”

ದಾಖಲೆ ಹಿಡಿದು ಇಬ್ಬರೂ ನಿರ್ದೇಶಕರ ಬಳಿ ಹೋದರು. ಕೆರೂರ ಸರ್ ಪೂರ್ತಿ ಕೇಳಿದರು. ಅವರ ಮುಖ ಕಪ್ಪಿಡಬಹುದೆಂದು ಶಾಹೀನ್ ಎಣಿಸಿದ್ದರು, ಆದರೆ ಅದು ಅರಳಿತು.

“ಭೇಷ್ ಕೆಲಸ ಶಾಹೀನ್. ಹಂಗಾದ್ರ ತೊಡಿಸಂದಿಗೆ ಎರಡನೇ ಕಾಳು ಹಾಕೂಣು.”

“ಸರ್, ಅದು ಮತ್ತೊಂದು ದಾರಿ ಹಿಡೀತೈತಿ.”

“ಮತ್ತೊಂದು ಕಾಳು ಹಾಕೂಣು.”

“ಮೊದಲು ಮೀಟರ್ ತಪ್ಪೈತಿ ಅಂತ ಜಾಹೀರ ಮಾಡಬೇಕು ಸರ್. ಇದನ್ನ ನೋಡಿ ಹೆರಿಗಿ ಮಾಡ್ಸಾಕತ್ತಾರ, ತೀರ್ಪು ಕೊಡಾಕತ್ತಾರ.”

ಕೆರೂರ ಕಿಟಕಿಯ ಕಡೆ ನೋಡಿದರು. “ಅದಕ್ಕ ಹೇಳಾಕ ಆಗೂದಿಲ್ಲ,” ಎಂದರು ಮೆಲ್ಲಗೆ. “ಈಗ ಅದು ತಪ್ಪು ಅಂದ್ರ ಇಷ್ಟು ವರ್ಷದ್ದೆಲ್ಲಾ ಏನಂತ ಹೇಳೂಣು? ಎರಡನೇ ಕಾಳು ಬರ್ಲಿ. ಅಲ್ಲೀತನಾ ಈ ತಾಯಿ ಸ್ವಲ್ಪ ತಡ್ಕೋಬೇಕು.”

“ನನ್ನ ಕಾಳು ತಗೀರಿ,” ಎಂದಳು ಇಂದುಮತಿ.

“ತಗದ್ರ ಮೊದಲಿನ ಬ್ಯಾನಿ ವಾಪಸ್ ಬರ್ತೈತಿ,” ಎಂದರು ಕೆರೂರ.

“ಬರ್ಲಿ. ಈ ಪಟ್ಟಿ ಇರೂತನಾ ನಾ ಹೇಳಿದ್ದು ಯಾರೂ ಕೇಳೂದಿಲ್ಲ.”

ಶಾಹೀನ್ ತಮ್ಮ ದಾಖಲೆಯನ್ನು ವೈದ್ಯಕೀಯ ಪತ್ರಿಕೆಗೆ ಕಳಿಸಿದರು. ಮೀಟರಿನ ಅಂಕಿಗಳಿಗೆ ಹೊಂದುವುದಿಲ್ಲವೆಂದು ಅದು ಹಿಂದಕ್ಕೆ ಬಂತು. ಮತ್ತೊಂದಕ್ಕೆ ಕಳಿಸಿ ಕಾಯುತ್ತಿದ್ದಾಗಲೇ ಇಂದುಮತಿಯ ಶಸ್ತ್ರಚಿಕಿತ್ಸೆಯ ದಿನ ಬಂತು. ಕಾಳು ತೆಗೆದ ಮೇಲೆ ಪರದೆಯೊಡನೆ ಅದರ ಸಂಪರ್ಕ ಕಡಿಯಲು ಒಬ್ಬ ತಂತ್ರಜ್ಞರು ಇರಲೇಬೇಕಿತ್ತು. ಆ ನೆಪದಲ್ಲಿ ಶಾಹೀನ್ ಥಿಯೇಟರಿನೊಳಗೆ ಬಂದು ನಿಂತರು. ಚನ್ನಬಸು ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅವನ ಪಕ್ಕದಲ್ಲಿ ಕೈಗೆ ಮೆಹಂದಿ ಹಚ್ಚಿಕೊಂಡ ಹುಡುಗಿಯೊಬ್ಬಳು ತಾಯಿಯೊಡನೆ ತನ್ನ ಸರದಿ ಕಾಯುತ್ತಿದ್ದಳು. ಅವಳಿಗೆ ಯಾವ ನೋವೂ ಇರಲಿಲ್ಲ. ಬೀಗರು ಮೀಟರು ಕೇಳಿದ್ದರು.

ಶಸ್ತ್ರವೈದ್ಯ ಡಾ. ಪ್ರಣವ್ ಹೊಸಮನಿ ಇನ್ನೂ ಎಳೆಯ, ಮೃದು ಮಾತಿನವನು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪರದೆ ನೋಡಿ, “ಸೊನ್ನಿ ಐತಿ, ಶುರು ಮಾಡ್ತೇನಿ,” ಎಂದ.

ಕತ್ತಿ ತಾಗಿದೊಡನೆ ಇಂದುಮತಿ, “ನೋಯ್ತೈತ್ರಿ,” ಎಂದಳು.

ಅವನು ಪರದೆ ನೋಡಿದ. “ಸೊನ್ನಿ ಐತ್ರಿ ಅಕ್ಕಾರ. ಬರೇ ಎಳದಂಗ ಆಗ್ತಿರ್ತೈತಿ.”

ಅವಳು ಕಿರುಚಿದಳು. ಕಾಲು ಜಾಡಿಸಿದಳು. ನರ್ಸು ಬಂದು ಮೊಣಕಾಲು ಅದುಮಿ ಹಿಡಿದಳು. “ಹೆದರಿಕಿ ಸರ್, ಮಾಡ್ರಿ ನೀವು,” ಎಂದಳು. ಅವಳ ದನಿಯಲ್ಲಿ ಕ್ರೌರ್ಯವೇನೂ ಇರಲಿಲ್ಲ. ದಿನಾ ಹಾಗೇ ಮಾಡುತ್ತಿದ್ದವಳು.

ಶಾಹೀನ್ ಗೋಡೆಯ ಬಳಿ ಹೋಗಿ ಪರದೆಯ ಪ್ಲಗ್ಗು ಕಿತ್ತರು.

“ಕತ್ತಿ ತಗೀರಿ ಡಾಕ್ಟರ. ಇನ್ನಷ್ಟು ಇಂಜೆಕ್ಷನ್ ಕೊಡ್ರಿ.”

ಪ್ರಣವ್ ಕೈ ಎತ್ತಿ ನಿಂತ. “ಮೇಡಂ, ಪರದೆ ಇಲ್ಲದ ಎಷ್ಟು ಕೊಡಬೇಕು ಅಂತ ಹೆಂಗ ಗೊತ್ತಾಗ್ಬೇಕು?”

“ಅವರನ್ನ ಕೇಳ್ರಿ.”

“ಏನಂತ?”

ಅವನು ಹಟ ಮಾಡುತ್ತಿರಲಿಲ್ಲ. ಮುಖಗವಸಿನ ಮೇಲೆ ಅವನ ಕಣ್ಣು ನಿಜವಾಗಿಯೇ ಗಾಬರಿಗೊಂಡಿದ್ದವು. ಅವನು ಶಸ್ತ್ರಚಿಕಿತ್ಸೆ ಕಲಿಯಲು ಸೇರುವ ಹೊತ್ತಿಗೆ ಹೊಸ ಪಾಠ ಬಂದಾಗಿತ್ತು. ರೋಗಿಯ ಹತ್ತಿರ ಬಗ್ಗಿ ಎಲ್ಲಿ, ಹೇಗೆ ಎಂದು ಕೇಳುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ತಾವು ಕಟ್ಟಿದ್ದು ಎಲ್ಲಿಗೆ ಮುಟ್ಟಿದೆ ಎಂಬುದು ಶಾಹೀನ್‌ಗೆ ಅಲ್ಲಿ, ಆ ಎರಡು ಕಣ್ಣುಗಳಲ್ಲಿ ಕಂಡಿತು.

“ಎಲ್ಲೆ ನೋಯ್ತೈತಿ ಅಂತ ಕೇಳ್ರಿ,” ಎಂದರು.

ಅವನು ತಡವರಿಸುತ್ತ ಕೇಳಿದ. ಇಂದುಮತಿ ಉಸಿರು ಹಿಡಿದು ಹೇಳಿದಳು. ಅವನು ಇಂಜೆಕ್ಷನ್ ಕೊಟ್ಟ, ಕಾದ, ಮತ್ತೆ ಕೇಳಿದ. ಅವಳು ಇನ್ನೂ ಎಂದಳು, ಮತ್ತೆ ಕೊಟ್ಟ. ಬಹಳ ಹೊತ್ತು ಹಿಡಿಯಿತು. ಕೊನೆಗೆ ಕಾಳು ಹೊರಗೆ ಬಂತು. ನರ್ಸು ಅದನ್ನು ಸ್ಟೀಲಿನ ತಟ್ಟೆಯಲ್ಲಿ ಇಟ್ಟಳು.

ಹೊಲಿಗೆ ಮುಗಿಯುವಷ್ಟರಲ್ಲಿ ಇಂದುಮತಿಗೆ ಹಳೆಯ ಉರಿ, ಆರು ವರ್ಷ ಹೊತ್ತಿದ್ದ ಅದೇ ಉರಿ, ದೂರದಿಂದ ಬರುತ್ತಿರುವುದು ಗೊತ್ತಾಯಿತು. ಅವಳು ಕಣ್ಣು ಮುಚ್ಚಿ ಅದು ಎಲ್ಲಿ, ಹೇಗೆ ಉರಿಯುತ್ತಿದೆಯೆಂದು ಹೇಳಿದಳು. ಶಾಹೀನ್ ಅವಳ ತಲೆಯ ಬಳಿ ಕೂತು ಕೇಳಿಸಿಕೊಂಡರು.

ಮುಂದಿನ ಹುಡುಗಿಯನ್ನು ಒಳಗೆ ಕರೆತರುವ ಹೊತ್ತಾಗಿತ್ತು. ನರ್ಸು ನೆಲ ಒರೆಸಿ, ಪ್ಲಗ್ಗನ್ನು ಗೋಡೆಗೆ ಚುಚ್ಚಿದಳು. ಪರದೆ ಹೊತ್ತಿಕೊಂಡಿತು. ಅದರ ಮೇಲೆ ಇಂದುಮತಿ ಕಲಕೇರಿ ಎಂಬ ಹೆಸರು ಇನ್ನೂ ಇತ್ತು, ಎದುರಿಗೆ ಹಸಿರು ಸೊನ್ನೆ.

“ನೋಡ್ರಿ ಸರ್, ಆರಾಮ ಅದಾರ,” ಎಂದಳು ನರ್ಸು.

ಪ್ರಣವ್ ಪರದೆ ನೋಡಿದ. ಆಮೇಲೆ ತಟ್ಟೆಯಲ್ಲಿ ರಕ್ತ ಹತ್ತಿಕೊಂಡು ಬಿದ್ದಿದ್ದ ಕಾಳನ್ನು ನೋಡಿದ. ಅದು ಈಗ ಯಾರ ಮೈಯಲ್ಲೂ ಇರಲಿಲ್ಲ. ಅದರ ಸಂಪರ್ಕವನ್ನು ಇನ್ನೂ ಕಡಿದಿರಲಿಲ್ಲ. ನೋವಿಲ್ಲ, ನೋವಿಲ್ಲ ಎಂದು ಪರದೆಗೆ ಹೇಳುತ್ತಲೇ ಇತ್ತು.